ಕಡಿದಾದ ಕಲ್ಲು ಮೆಟ್ಟಿಲು ಫೋಟೊದಲ್ಲೂ ಕಡಿದಾಗಿಯೇ ಕಾಣಬೇಕೆ?

ಕೋಲಾರದ ಅಂತರಗಂಗೆಯಲ್ಲಿ ಏದುಸಿರು ಬಿಡುತ್ತಾ ಹತ್ತಿದ ಮೆಟ್ಟಿಲು, ಮನೆಗೆ ಬಂದು ಫೋಟೊದಲ್ಲಿ ನೋಡಿದರೆ ಸಪಾಟಾಗಿ ಕಾಣುತ್ತದೆ. ಬಹಳ ಜನರ ದೂರು ಇದೇ ಅಲ್ವಾ? ಮೆಟ್ಟಿಲಿಗೆ ಎದುರಾಗಿ ನಿಂತು ಮೊಬೈಲನ್ನು ಮೇಲಕ್ಕೆ ವಾಲಿಸಿದ ಕೂಡಲೇ, ಏರು ಎಷ್ಟಿದೆ ಎಂದು ಅಳೆಯಲು ಚಿತ್ರದಲ್ಲಿ ಏನೂ ಉಳಿಯುವುದಿಲ್ಲ. ನೋಡುವವರ ಕಣ್ಣಿಗೆ ನೆಟ್ಟಗಿನ ಒಂದು ಗೆರೆ ಬೇಕು. ಅದನ್ನು ಹುಡುಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕ್ಯಾಮೆರಾ ಚೀಲದಲ್ಲೇ ಇರಲಿ. ಒಮ್ಮೆ ಸುಮ್ನೆ ಹತ್ತಿ ಇಳಿಯಿರಿ. ಮೆಟ್ಟಿಲು ಎಲ್ಲಿ ತಿರುಗುತ್ತದೆ, ಪಕ್ಕದಲ್ಲಿ ನಿಲ್ಲಲು ಎಲ್ಲಿ ಜಾಗ ಇದೆ, ಕಂಬವೋ ಮಂಟಪವೋ ಎಲ್ಲಿ ಕಾಣುತ್ತದೆ ಎಂದು ನೋಡಿಕೊಳ್ಳಿ.

ಪಕ್ಕಕ್ಕೆ ಸರಿಯಿರಿ

ಈಗ ಮೆಟ್ಟಿಲ ಎದುರಿನಿಂದ ಪಕ್ಕಕ್ಕೆ ಬನ್ನಿ. ಅಲ್ಲಿಂದ ಕಲ್ಲಿನ ಎತ್ತರ, ಅಗಲ ಎರಡೂ ಗರಗಸದ ಹಲ್ಲಿನಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಚೌಕಟ್ಟಿನೊಳಗೆ ಒಂದು ಕಂಬ ಅಥವಾ ಗೋಡೆಯ ಅಂಚು ಬರಲಿ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ (ಪರದೆಯ ಮೇಲೆ ಮೂಡುವ ಅಡ್ಡ, ನೆಟ್ಟಗಿನ ಗೆರೆಗಳು) ಆನ್ ಮಾಡಿ, ಆ ಕಂಬವನ್ನು ಗ್ರಿಡ್‌ನ ನಿಂತ ಗೆರೆಗೆ ಸಮ ಮಾಡಿ. ಕಂಬ ನೆಟ್ಟಗೆ ನಿಂತರೆ ಮೆಟ್ಟಿಲ ಏರು ತಾನಾಗಿಯೇ ಗೊತ್ತಾಗುತ್ತದೆ.

ಕಲ್ಯಾಣಿಯಲ್ಲಿ ಈ ಕೆಲಸವನ್ನು ನೀರೇ ಮಾಡಿಕೊಡುತ್ತದೆ. ಚಿಕ್ಕಬಳ್ಳಾಪುರದ ಹತ್ತಿರದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಇಲ್ಲಿನ ಶಿವಾಲಯದ ಪ್ರಸ್ತಾಪ ಕ್ರಿ.ಶ. 806ರಷ್ಟು ಹಿಂದಿನ ಶಾಸನದಲ್ಲೇ ಸಿಗುತ್ತದೆ. ಅಲ್ಲಿನ ಶೃಂಗಿ ತೀರ್ಥದಲ್ಲಿ ನಾಲ್ಕೂ ಕಡೆಯಿಂದ ಮೆಟ್ಟಿಲು ನೀರಿಗಿಳಿಯುತ್ತವೆ. ನೇರ ಎದುರಿನಿಂದ ನೋಡಿದರೆ ನೀರಿನ ಅಂಚು ವಾಲುವುದಿಲ್ಲ, ಹಾಗಾಗಿ ಅದನ್ನು ಚಿತ್ರದ ಕೆಳಭಾಗದಲ್ಲಿ ಇಟ್ಟುಕೊಳ್ಳಿ. ಮೂಲೆಯಲ್ಲಿ ನಿಂತರೆ ಎರಡು ಬದಿಯ ಗೆರೆಗಳು ಬಂದು ಸೇರುವುದು ಕಾಣುತ್ತದೆ. ನನಗೆ ಎದುರಿನ ನೋಟಕ್ಕಿಂತ ಈ ಮೂಲೆಯ ನೋಟವೇ ಹೆಚ್ಚು ಇಷ್ಟ.

ಒಂದು ಮಾತು. ಹೆಚ್ಚು ಅಗಲದ ನೋಟ ಹಿಡಿಯುವ, ಮೊಬೈಲಿನ 0.5 ಲೆನ್ಸ್ ಇಲ್ಲಿ ಬೇಡ. ಕಾಲ ಬಳಿಯ ಮೆಟ್ಟಿಲನ್ನು ಅದು ದೊಡ್ಡದು ಮಾಡಿ, ಮೇಲಿನವನ್ನು ಪುಟ್ಟದಾಗಿಸಿ ದೂರ ತಳ್ಳಿಬಿಡುತ್ತದೆ. ಹಿಂದೆ ಸರಿದು 2 ಅಥವಾ 3 ಪಟ್ಟು ಜೂಮ್ ಮಾಡಿ. ಆಗ ಮೆಟ್ಟಿಲುಗಳು ಒಂದರ ಮೇಲೊಂದು ಒತ್ತಾಗಿ ಪೇರಿಸಿದಂತೆ ಕಾಣುತ್ತವೆ. ಕ್ಯಾಮೆರಾ ಇದ್ದವರು 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಹಾಕಿ, ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ) ಎಫ್ 8ರಿಂದ 11ರ ನಡುವೆ ಇಟ್ಟುಕೊಂಡರೆ ಸಾಕು.

ಬಿಸಿಲು ಎಲ್ಲಿಂದ ಬೀಳುತ್ತಿದೆ?

ಬೆಳಗ್ಗೆ ಬೇಗ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಮೆಟ್ಟಿಲ ವಿಷಯದಲ್ಲಿ ಅಷ್ಟು ಹೇಳಿದರೆ ಸಾಲದು. ಮೆಟ್ಟಿಲು ಪೂರ್ವಕ್ಕೆ ಮುಖ ಮಾಡಿದ್ದರೆ ಎಳೆ ಬಿಸಿಲು ನೇರವಾಗಿ ಮೆಟ್ಟಿಲ ಮುಖಕ್ಕೇ ಹೊಡೆಯುತ್ತದೆ, ನೆರಳು ಬೀಳುವುದೇ ಇಲ್ಲ. ಅದೇ ಬಿಸಿಲು ಬದಿಯಿಂದ ಬಿದ್ದರೆ ಕಲ್ಲಿನ ಮೇಲಿನ ಉಳಿಯ ಗುರುತು, ಜನರ ಪಾದದಿಂದ ನಡುವೆ ಸವೆದ ತಗ್ಗು, ಎಲ್ಲವೂ ಎದ್ದು ಬರುತ್ತವೆ. ಹಾಗಾಗಿ ಗಡಿಯಾರಕ್ಕಿಂತ ಮೊದಲು ಮೆಟ್ಟಿಲ ದಿಕ್ಕು ನೋಡಿ.

ನಡುಮಧ್ಯಾಹ್ನವನ್ನೂ ಸುಮ್ನೆ ಬಿಟ್ಟುಬಿಡಬೇಡಿ. ಸೂರ್ಯ ನೆತ್ತಿಯ ಮೇಲಿದ್ದಾಗ ಕಾಲಿಡುವ ಭಾಗ ಬೆಳ್ಳಗೆ, ಮೆಟ್ಟಿಲ ನೆಟ್ಟಗಿನ ಮುಖ ಕಪ್ಪಾಗಿ ಕಾಣುತ್ತದೆ. ಅಡ್ಡಡ್ಡ ಪಟ್ಟೆಗಳ ಈ ನೋಟ ಕಪ್ಪು-ಬಿಳುಪಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಬರಿಗಾಲಿಗೆ ಕಲ್ಲು ಕಾದಿರುತ್ತದೆ, ಜಾಸ್ತಿ ಹೊತ್ತು ನಿಲ್ಲಲಾಗದು.

ನಮ್ಮ ಕಡೆಯ ಬೂದು ಕಲ್ಲಿನ ಹಿಂದೆ ಆಕಾಶ ಬಂದರೆ ಮೆಟ್ಟಿಲು ಕಪ್ಪಾಗುತ್ತದೆ. ಪರದೆಯ ಮೇಲೆ ಮೆಟ್ಟಿಲಿರುವ ಜಾಗವನ್ನು ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಿ ಅಥವಾ ಏರಿಸಿ. ಸಾಧ್ಯವಾದರೆ ಆಕಾಶವನ್ನೇ ಚೌಕಟ್ಟಿನಿಂದ ಬಿಟ್ಟುಬಿಡಿ.

ಹತ್ತುವವರು ಇರಲಿ

ಖಾಲಿ ಮೆಟ್ಟಿಲಿನಲ್ಲಿ ಒಂದೊಂದು ಕಲ್ಲು ಎಷ್ಟೆತ್ತರ ಎಂದು ತಿಳಿಯುವುದಿಲ್ಲ. ಮಂಡಿಗೆ ಕೈಕೊಟ್ಟು ಹತ್ತುವ ಒಬ್ಬ ಅಜ್ಜಿ ಚಿತ್ರದಲ್ಲಿದ್ದರೆ ಬೇರೇನೂ ಹೇಳಬೇಕಿಲ್ಲ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದೂ ಉಂಟು. ಬೂದು ಕಲ್ಲಿನ ಮೇಲೆ ಆ ಬಣ್ಣ ಎದ್ದು ಕಾಣುತ್ತದೆ. ಆದರೆ "ಅಮ್ಮಾ, ಒಂದು ಫೋಟೊ ತೆಗೀಲಾ?" ಎಂದು ಕೇಳಿಯೇ ತೆಗೆಯಿರಿ. ಬೇಡ ಎಂದರೆ ಬೇಡ. ತೀರ್ಥದಲ್ಲಿ ಸ್ನಾನ ಮಾಡುವವರತ್ತ ಕ್ಯಾಮೆರಾ ತಿರುಗಿಸಲೇಬಾರದು.

ಜೋಪಾನ

ಪರದೆ ನೋಡುತ್ತಾ ಹಿಂದೆ ಹೆಜ್ಜೆ ಇಡಬೇಡಿ. ಜಾಗ ಬದಲಿಸುವಾಗ ಮೊಬೈಲ್ ಕೆಳಗಿಳಿಸಿ, ಕಾಲು ನೋಡಿ, ಆಮೇಲೆ ಮತ್ತೆ ಎತ್ತಿ. ಕೋಲಾರ ಜಿಲ್ಲೆಯ ಆವಣಿ ಬೆಟ್ಟದಲ್ಲಿ ಬಂಡೆಗೇ ಕಡಿದ ಮೆಟ್ಟಿಲುಗಳಿವೆ. ಮಳೆ ಬಿದ್ದಾಗ ಅಂಥ ಕಲ್ಲಿನ ಬಣ್ಣ ಚಂದ, ಆದರೆ ಜಾರುತ್ತದೆ. ತುಮಕೂರಿನ ಹತ್ತಿರದ ದೇವರಾಯನದುರ್ಗ, ಅಂತರಗಂಗೆ ಎರಡೂ ಕಡೆ ಕೋತಿಗಳಿವೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಬೇಡ, ಕ್ಯಾಮೆರಾದ ಪಟ್ಟಿ ಕೊರಳಲ್ಲೇ ಇರಲಿ. ಭೋಗನಂದೀಶ್ವರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಗರ್ಭಗುಡಿಯ ಫೋಟೊ ತೆಗೆಯಬೇಡಿ.

ಮನೆಗೆ ಬಂದು ತಿದ್ದುವಾಗ ಮೊದಲು ಕಂಬವನ್ನೋ, ಎದುರಿನಿಂದ ತೆಗೆದ ಚಿತ್ರವಾದರೆ ನೀರಿನ ಅಂಚನ್ನೋ ಸಮ ಮಾಡಿ. ಮೆಟ್ಟಿಲ ಗೆರೆಯನ್ನು ನೋಡಿ ಚಿತ್ರ ತಿರುಗಿಸಬೇಡಿ, ಹಳೆಯ ಮೆಟ್ಟಿಲುಗಳು ಎಷ್ಟೋ ಕಡೆ ಕುಸಿದು ಓರೆಯಾಗಿರುತ್ತವೆ. ಆ ಓರೆ ಹಾಗೆಯೇ ಇರಲಿ.