ವೀಸಾ ಮುಗಿದ ಮೇಲೂ ಅಮೆರಿಕದಲ್ಲೇ ಗ್ರೀನ್ ಕಾರ್ಡ್: ನಾನು, ಮಗಳು ಮತ್ತು ನಮ್ಮ ಅರ್ಜಿ

ವಿಚ್ಛೇದನದ ಆದೇಶ ಬಂದ ದಿನವೇ ನನ್ನ ಎಚ್-4 ಸ್ಟೇಟಸ್ (ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವುದು) ಹೋಯಿತು. ಮಗಳದ್ದು ಹೋಗಲಿಲ್ಲ. ಅಪ್ಪನ ಎಚ್-1ಬಿ ಇರುವ ತನಕ ಅವಳ ಎಚ್-4ಗೆ ತೊಂದರೆ ಇರಲಿಲ್ಲ. ಆಮೇಲೆ ಅವರ ಕೆಲಸ ಹೋಗಿ ಬೆಂಗಳೂರಿಗೆ ವಾಪಸಾದರು, ಅವಳದ್ದೂ ಮುಗಿಯಿತು. ಎಲ್ಲಿಯ ತನಕ ಇರಬಹುದು ಅಂತ ಹೇಳುವ ಐ-94 ದಾಖಲೆಯ ತಾರೀಖೂ ದಾಟಿತು. ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಓದುತ್ತಿದ್ದ ಹುಡುಗಿ, ಅವಳ ಅಮ್ಮ, ಇಬ್ಬರೂ ಕಾಗದವಿಲ್ಲದವರಾದೆವು. 2024ರ ಶುರುವಿನಲ್ಲಿ ನಾನು ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾದೆ.

ಊರಿನಿಂದ ಎಲ್ಲರೂ ಹೇಳಿದ್ದು ಒಂದೇ ಮಾತು. "ಸುಮ್ನೆ ಒಂದು ಸಲ ಬಂದು ಹೊಸ ವೀಸಾ ಹಾಕಿಸಿಕೊಂಡು ಹೋಗು, ಗಂಡ ಸಿಟಿಜನ್ ಅಲ್ವಾ" ಅಂತ ಅಣ್ಣ ಅಂದ. ಹಣ ತೆಗೆದುಕೊಂಡು ಸಲಹೆ ಕೊಡುವ ಏಜೆಂಟರೊಬ್ಬರೂ ಅದನ್ನೇ ಅಂದರು. ಅದನ್ನು ಕೇಳಿದ್ದರೆ ಕಥೆ ಮುಗಿಯುತ್ತಿತ್ತು. 1996ರ ಕಾನೂನಿನ ಪ್ರಕಾರ ಅವಧಿ ಮೀರಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಗೆ ಹೋದರೆ 3 ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿದಿದ್ದರೆ 10 ವರ್ಷ. ಈ ತಡೆ ಬೀಳುವುದು ದೇಶ ಬಿಟ್ಟಾಗ. ಇಲ್ಲೇ ಇದ್ದರೆ ಬೀಳುವುದಿಲ್ಲ. 18 ತುಂಬದ ಮಕ್ಕಳಿಗೆ ಆ ದಿನಗಳ ಲೆಕ್ಕವೇ ಇಲ್ಲ, ಹಾಗಾಗಿ ಮಗಳಿಗೆ ಆ ಭಯ ಇರಲಿಲ್ಲ. ನನಗಿತ್ತು.

ವಕೀಲರು ಮೊದಲು ಕೇಳಿದ್ದು ಎಷ್ಟು ದಿನ ಮೀರಿದೆ ಅಂತಲ್ಲ, ಹೇಗೆ ಒಳಗೆ ಬಂದಿರಿ ಅಂತ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟಿದ್ದರೆ, ನೀವು ಪ್ರಜೆಯ ಗಂಡ ಅಥವಾ ಹೆಂಡತಿಯಾಗಿದ್ದರೆ, ವೀಸಾ ಅವಧಿ ಮೀರಿದ್ದರೂ ಇಲ್ಲಿಂದಲೇ ಐ-485, ಅಂದರೆ ಗ್ರೀನ್ ಕಾರ್ಡಿನ ಅರ್ಜಿ, ಹಾಕಬಹುದು. ಅನುಮತಿ ಇಲ್ಲದೆ ಕೆಲಸ ಮಾಡಿದ್ದಕ್ಕೂ ಸಾಮಾನ್ಯವಾಗಿ ಮಾಫಿ ಇದೆ. ಮಾಫಿ ಇಲ್ಲದ್ದು ಕೆಲಸದ ಫಾರಂನಲ್ಲಿ 'ನಾನು ಅಮೆರಿಕದ ಪ್ರಜೆ' ಅಂತ ಟಿಕ್ ಹಾಕಿದ್ದಕ್ಕೆ. ಗ್ರೀನ್ ಕಾರ್ಡ್ ಆಸೆ ಅಲ್ಲಿಗೇ ಮುಗಿಯಬಹುದು. ಮನೆಯಲ್ಲಿ ಅಡುಗೆ ಮಾಡಿ ಮಾರುವ ಕೆಲಸ ಬಿಟ್ಟು ಬೇರೆ ಎಲ್ಲೂ ಸೇರದೆ ಇದ್ದದ್ದಕ್ಕೆ ನನಗೆ ಈ ತಲೆನೋವು ಇರಲಿಲ್ಲ.

ಗಡಿ ದಾಟಿ ಕದ್ದು ಬಂದವರ ದಾರಿಯೇ ಬೇರೆ. ಅವರು ಸಾಮಾನ್ಯವಾಗಿ ಆ 3 ಅಥವಾ 10 ವರ್ಷದ ತಡೆಗೆ ಮೊದಲೇ ಐ-601ಎ ಮನ್ನಾ ಪಡೆದು, ತಮ್ಮ ದೇಶಕ್ಕೆ ಹೋಗಿ, ಅಲ್ಲಿನ ಕಾನ್ಸುಲೇಟ್‌ನಲ್ಲಿ ವೀಸಾ ಪಡೆದು ಬರಬೇಕು. ಅದಕ್ಕೆ ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ ಅಥವಾ ಅಪ್ಪ ಅಮ್ಮನಿಗೆ ವಿಪರೀತ ಕಷ್ಟವಾಗುತ್ತದೆ ಅಂತ ತೋರಿಸಬೇಕು. ಮಕ್ಕಳ ಕಷ್ಟ ನೇರವಾಗಿ ಲೆಕ್ಕಕ್ಕಿಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗದ ನಿಯಮ. 2024ರ ಜೂನ್‌ನಲ್ಲಿ ಬೈಡನ್ ಸರ್ಕಾರ ಇಂಥವರಿಗೇ ಅಂತ ಒಂದು ಯೋಜನೆ ತಂದಿತು. ಪ್ರಜೆಗಳ ಮಲಮಕ್ಕಳು ಮತ್ತು 10 ವರ್ಷದಿಂದ ಇಲ್ಲೇ ಇರುವ ಅವರ ಗಂಡ ಹೆಂಡಿರು ದೇಶ ಬಿಡದೆ ಅರ್ಜಿ ಹಾಕಬಹುದು ಅಂತ. ಗೆಳತಿಯರೆಲ್ಲ ಫೋನ್ ಮಾಡಿ "ನಿನಗೇ ಬಂದಿದೆ ಕಣೇ" ಅಂದರು. ಅದು ನಮಗಲ್ಲ, ನಾವು ಮುದ್ರೆ ಹಾಕಿಸಿಕೊಂಡೇ ಬಂದವರು. ಆಗಸ್ಟ್ 19ಕ್ಕೆ ಅರ್ಜಿ ಶುರುವಾದ ಆ ಯೋಜನೆಯನ್ನು ನವೆಂಬರ್ 7ಕ್ಕೆ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ರದ್ದು ಮಾಡಿತು.

ಮಗಳ ವಿಷಯಕ್ಕೆ ಬರುತ್ತೇನೆ. ಹೆಚ್ಚು ಜನಕ್ಕೆ ಗೊಂದಲ ಇರುವುದು ಇಲ್ಲೇ. ಮಲತಂದೆ ದತ್ತು ತೆಗೆದುಕೊಳ್ಳಬೇಕಾಗಿಲ್ಲ. ಮಗುವಿಗೆ 18 ತುಂಬುವ ಮೊದಲು ನಮ್ಮ ಮದುವೆ ಆಗಿರಬೇಕು, ಅಷ್ಟೇ. ಅವಳಿಗೆ ಆಗ 16. ಆದರೆ ನನ್ನ ಅರ್ಜಿಯಲ್ಲಿ ಅವಳ ಹೆಸರು ಸೇರಿಸಿದರೆ ಸಾಲದು. ಪ್ರಜೆಯ ಹತ್ತಿರದ ಸಂಬಂಧಿಗಳ ವರ್ಗದಲ್ಲಿ ಪ್ರತಿಯೊಬ್ಬರಿಗೂ ಬೇರೆ ಐ-130, ಅಂದರೆ ಪ್ರಜೆ ತನ್ನ ಸಂಬಂಧಿಗಾಗಿ ಹಾಕುವ ಅರ್ಜಿ, ಬೇಕು. ಅರ್ಜಿ ಸೇರಿದ ದಿನದ ವಯಸ್ಸೇ ಲೆಕ್ಕಕ್ಕೆ ನಿಲ್ಲುತ್ತದೆ, ಮುಂದೆ 21 ದಾಟಿದರೂ ಅವಳು ಮಗುವೇ. 2024ರ ಏಪ್ರಿಲ್‌ನಲ್ಲಿ ಶುಲ್ಕ ಏರಿದ ಮೇಲೆ ಕಾಗದದ ಐ-130ಕ್ಕೆ 675 ಡಾಲರ್, ಐ-485ಕ್ಕೆ 1,440. ಇಬ್ಬರಿಗೆ 4,230. ನನ್ನ ಕೆಲಸದ ಪರವಾನಗಿಗೆ ಇನ್ನೂ 260.

ಕಾಗದ ಕೂಡಿಸುವುದರಲ್ಲಿ ಬೆವರು ಹರಿದದ್ದು ನನ್ನ ಜನನ ಪತ್ರಕ್ಕೆ. ಮಗಳದ್ದು ಬೆಂಗಳೂರಿನ ಪಾಲಿಕೆ ಕೊಟ್ಟಿದ್ದು, ಸರಿ ಇತ್ತು. ನಾನು ಹುಟ್ಟಿದ್ದು ಹಾಸನದ ಕಡೆ ಹಳ್ಳಿಮನೆಯಲ್ಲಿ, ನೋಂದಣಿಯೇ ಆಗಿರಲಿಲ್ಲ. ಅಣ್ಣ ತಾಲ್ಲೂಕು ಕಚೇರಿಗೆ ಅಲೆದು 'ದಾಖಲೆ ಲಭ್ಯವಿಲ್ಲ' ಅಂತ ಹಿಂಬರಹ ತಂದ. ಅದರ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಾನು ಹುಟ್ಟಿದಾಗ ಅಲ್ಲೇ ಇದ್ದ ದೊಡ್ಡಮ್ಮನ ಅಫಿಡವಿಟ್ ಇಟ್ಟೆವು. ಕನ್ನಡದ ಹಿಂಬರಹವನ್ನು ಇಂಗ್ಲಿಷಿಗೆ ಮಾಡಿಸಿ, ಅನುವಾದಿಸಿದವರು 'ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ತಿ ಮತ್ತು ಸರಿಯಾಗಿದೆ' ಅಂತ ಸಹಿ ಮಾಡಿದರೆ ಸಾಕು. ನೋಟರಿ ಬೇಕಾಗಿಲ್ಲ, ಗೆಳತಿಯೇ ಮಾಡಿಕೊಟ್ಟಳು.

ನಮ್ಮನ್ನು ಸಾಕುವ ಹೊಣೆ ಹೊರುವ ಪತ್ರವಾದ ಐ-864ಕ್ಕೆ ಗಂಡ ಸಹಿ ಹಾಕುವ ಮುಂಚೆ ಓದಿಸಿದೆ. ಆದಾಯ ಬಡತನ ರೇಖೆಯ 125 ಪ್ರತಿಶತ ಇರಬೇಕು, ನಾವಿಬ್ಬರೂ ಆ ಲೆಕ್ಕದಲ್ಲಿ ಸೇರುತ್ತೇವೆ. ನಾಳೆ ಮದುವೆ ಮುರಿದರೂ ಆ ಹೊಣೆ ಮುರಿಯುವುದಿಲ್ಲ. ಓದಿ, ನಕ್ಕು, ಸಹಿ ಹಾಕಿದರು. ಅರ್ಜಿಗೆ ಬೇಕಾದ ಆರೋಗ್ಯ ತಪಾಸಣೆಯಲ್ಲಿ ಕ್ಷಯಕ್ಕೆ ರಕ್ತ ಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ ಚುಚ್ಚಿಸಿಕೊಂಡ ನಮ್ಮಂಥವರಿಗೆ ಚರ್ಮದ ಪರೀಕ್ಷೆಗಿಂತ ಅದೇ ವಾಸಿ.

ಅರ್ಜಿ ನಡೆಯುತ್ತಿರುವಾಗ ಅಮ್ಮನಿಗೆ ಹುಷಾರಿಲ್ಲದೆ ಹೋಯಿತು. ಅನುಮತಿ ಇಲ್ಲದೆ ಹೊರಟರೆ ಅರ್ಜಿ ಬಿಟ್ಟುಕೊಟ್ಟಂತೆ. ಅಡ್ವಾನ್ಸ್ ಪೆರೋಲ್ ಅನ್ನುವ ಆ ಅನುಮತಿ ತೆಗೆದುಕೊಂಡು ಹೋದರೆ 10 ವರ್ಷದ ತಡೆ ಬೀಳುವುದಿಲ್ಲ ಅಂತ 2012ರಲ್ಲಿ ವಲಸೆ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿದೆ. ಆದರೂ ವಕೀಲರು ಬೇಡ ಅಂದರು. ಹೋಗಲಿಲ್ಲ. ಅಮ್ಮ ಚೇತರಿಸಿಕೊಂಡರು, ಅದು ನನ್ನ ಅದೃಷ್ಟ.

ಸಂದರ್ಶನದಲ್ಲಿ ಮದುವೆ ಫೋಟೊ ಆಲ್ಬಮ್ಮಿಗಿಂತ ಜಂಟಿ ತೆರಿಗೆ ರಿಟರ್ನ್, ಬಾಡಿಗೆ ಕರಾರು, ವಿಮೆ ಪಾಲಿಸಿಗಳನ್ನೇ ಅಧಿಕಾರಿ ಜಾಸ್ತಿ ನೋಡಿದರು. ಮಗಳನ್ನು ಕೇಳಿದ್ದು, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಅಂತ. "ಅವರೇ, ಅಮ್ಮ ಬರೀ ಸಾರು" ಅಂದಳು. 'ಅವರು' ಅಂದರೆ ನನ್ನ ಗಂಡ.

ಈಗ ಹಾಕುವವರು ಒಂದು ತಿಳಿದಿರಬೇಕು. 2025ರ ಫೆಬ್ರವರಿಯಿಂದ ನಿಯಮ ಬಿಗಿಯಾಗಿದೆ. ಅರ್ಜಿ ತಿರಸ್ಕಾರವಾಗಿ, ನಿಮಗೆ ಇಲ್ಲಿರುವ ಹಕ್ಕು ಬೇರೆ ಇಲ್ಲದಿದ್ದರೆ, ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸ್ ಬರಬಹುದು. ಐ-130 ಹಾಕಿದ ಮಾತ್ರಕ್ಕೆ ಗಡೀಪಾರಿನಿಂದ ರಕ್ಷಣೆಯೂ ಇಲ್ಲ. ಹಳೆಯ ಗಡೀಪಾರು ಆದೇಶ ಅಥವಾ ಪೊಲೀಸ್ ಕೇಸು ಇದ್ದವರು ವಕೀಲರಿಗೆ ತೋರಿಸದೆ ಒಂದು ಕಾಗದವನ್ನೂ ಕಳಿಸಬೇಡಿ.

ಮದುವೆಯಾಗಿ 2 ವರ್ಷ ಆಗಿರಲಿಲ್ಲವಾದ್ದರಿಂದ ನಮಗೆ ಸಿಕ್ಕಿದ್ದು 2 ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಆ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಇಬ್ಬರಿಗೂ ಕಾರ್ಡ್ ಒಟ್ಟಿಗೇ ಬಂದಿದ್ದರಿಂದ ಇದರಲ್ಲಿ ಮಾತ್ರ ಮಗಳನ್ನು ನನ್ನ ಅರ್ಜಿಯಲ್ಲೇ ಸೇರಿಸಬಹುದು. ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಈಗಿನಿಂದಲೇ ಒಂದು ಫೈಲಿಗೆ ಹಾಕುತ್ತಿದ್ದೇನೆ. ಮಗಳು ಕಾಲೇಜಿನ ಫೆಡರಲ್ ನೆರವಿನ ಫಾರಂ ತುಂಬುತ್ತಿದ್ದಾಳೆ.