ಪ್ರೊಟೊಟೈಪ್ 1.6 ಅನ್ನು ಕೀಳದೆ ಹೆಸರಿನ ತಕರಾರು ಬಿಡಿಸಿದ ನನ್ನ ಅನುಭವ

ಸಗಟು ವ್ಯಾಪಾರಿಯೊಬ್ಬರ ದಾಸ್ತಾನು ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ ಹಳೆಯ ವೆಬ್ ಅಪ್ಲಿಕೇಶನ್ ನನ್ನ ಪಾಲಿಗೆ ಬಂದಾಗ, ಅದು ಪ್ರೊಟೊಟೈಪ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹ) 1.6ನೆಯ ಆವೃತ್ತಿಯ ಮೇಲೆಯೂ ಅದಕ್ಕೆ ಹಿಂದಿನವರು ಬರೆದು ಸೇರಿಸಿದ ಸುಮಾರು 40 ಎಕ್ಸ್‌ಟೆನ್ಶನ್ ಫೈಲುಗಳ ಮೇಲೆಯೂ ನಿಂತಿತ್ತು. ಅದನ್ನು ನೋಡಿದ ಮೂವರು ಡೆವಲಪರುಗಳು ಎಲ್ಲವನ್ನೂ ಹೊಸದಾಗಿ ಬರೆಯಬೇಕೆಂದು 6 ಲಕ್ಷದ ಆಸುಪಾಸಿನ ಕೊಟೇಶನ್ ಕೊಟ್ಟಿದ್ದರು. ಲೈಬ್ರರಿಯನ್ನು ಮುಟ್ಟದೆಯೇ ಸರಿಪಡಿಸುತ್ತೇನೆಂದು ನಾನು 90 ಸಾವಿರಕ್ಕೆ ಒಪ್ಪಿಕೊಂಡಾಗ ನನ್ನ ಸ್ನೇಹಿತರೇ ನಕ್ಕಿದ್ದರು.

ಹೊಸ ವರದಿ ಪುಟದಲ್ಲಿ ಸರಕಿನ ವರ್ಗಗಳ ಡ್ರಾಪ್‌ಡೌನ್ ಖಾಲಿ ಬರುತ್ತಿತ್ತು, ಆದರೆ ಕನ್ಸೋಲಿನಲ್ಲಿ ಒಂದು ಎರರ್ ಕೂಡ ಇರಲಿಲ್ಲ. ಆ ಪುಟ ಸೆಟ್ ಒಂದನ್ನು (ಪುನರಾವರ್ತನೆಯಿಲ್ಲದ ಮೌಲ್ಯಗಳ ಗುಂಪು) ಅರೇ.ಫ್ರಮ್‌ಗೆ, ಅಂದರೆ ಗುಂಪನ್ನು ಅರೇ (ಪಟ್ಟಿ) ಆಗಿಸುವ ಬ್ರೌಸರಿನ ಫಂಕ್ಷನ್ನಿಗೆ, ಕೊಡುತ್ತಿತ್ತು, ಪ್ರೊಟೊಟೈಪ್ ಆ ಹೆಸರಿನ ಮೇಲೆ ಅದೇ ಕೆಲಸದ ತನ್ನ ಡಾಲರ್-ಎ ($A) ಫಂಕ್ಷನ್ನನ್ನು ಕೂರಿಸಿಬಿಡುತ್ತದೆ, ಅದು ಎಣಿಕೆಗಾಗಿ ಹುಡುಕುವುದು ಲೆಂಗ್ತ್ ಅನ್ನು, ಸೆಟ್‌ಗೆ ಇರುವುದು ಸೈಜ್, ಹೀಗಾಗಿ ಕೈಗೆ ಸಿಗುವುದು ಖಾಲಿ ಅರೇ. 1.7ಕ್ಕೆ ಏರಿಸಿದರೂ ಈ ತೊಂದರೆ ಹೋಗುವುದಿಲ್ಲ.

ಮೊದಲು, ಲೈಬ್ರರಿ ಲೋಡಾದ ಮೇಲೆ ಬ್ರೌಸರಿನ ಮೂಲ ಫಂಕ್ಷನ್ನನ್ನು ಅದರ ಜಾಗದಲ್ಲಿ ಮರಳಿ ಇಟ್ಟೆ. ಹಳೆಯ ಫೈಲುಗಳು ನಲ್ (ಏನೂ ಇಲ್ಲ ಎಂಬ ಮೌಲ್ಯ) ಕೊಟ್ಟು ಖಾಲಿ ಅರೇ ನಿರೀಕ್ಷಿಸುತ್ತಿದ್ದವು, ಮೂಲ ಫಂಕ್ಷನ್ ನಲ್ ಕಂಡೊಡನೆ ಟೈಪ್‌ಎರರ್ ಎಸೆಯಿತು. ಬಿಲ್ಲಿಂಗ್ ಅರ್ಧ ದಿನ ನಿಂತಿತು. ಆ ಲೆಕ್ಕದಲ್ಲಿ 5 ಸಾವಿರ ಬಿಟ್ಟುಕೊಟ್ಟೆ. ಎರಡನೆಯ ಸಲ, ಲೈಬ್ರರಿ ಬರುವ ಮೊದಲೇ ಅರೇ.ಫ್ರಮ್ ಅನ್ನು ಬರೆಯಲಾಗದಂತೆ ಡಿಫೈನ್‌ಪ್ರಾಪರ್ಟಿಯಿಂದ ಬೀಗ ಹಾಕಿದೆ. ನನ್ನ ಯಂತ್ರದಲ್ಲಿ ಅದು ಸೊಗಸಾಗಿ ನಡೆಯಿತು, ಏಕೆಂದರೆ ಸ್ಟ್ರಿಕ್ಟ್ (ಜಾವಾಸ್ಕ್ರಿಪ್ಟಿನ ಕಟ್ಟುನಿಟ್ಟಿನ ವಿಧಾನ) ಅಲ್ಲದ ಕಡೆ ಬೀಗ ಹಾಕಿದ್ದರ ಮೇಲೆ ಬರೆಯುವ ಪ್ರಯತ್ನ ಸದ್ದಿಲ್ಲದೆ ಸೋಲುತ್ತದೆ. ಸರ್ವರಿನಲ್ಲಿ ಮಾತ್ರ ಬಿಲ್ಡ್ ಎಲ್ಲ ಫೈಲುಗಳನ್ನು ಒಂದುಗೂಡಿಸಿ ಮೇಲ್ಗಡೆ 'ಯೂಸ್ ಸ್ಟ್ರಿಕ್ಟ್' ಹಾಕುತ್ತಿದ್ದುದರಿಂದ ಅದೇ ಪ್ರಯತ್ನ ಎರರ್ ಆಗಿ ಲೈಬ್ರರಿ ನಡುವೆಯೇ ಸತ್ತಿತು. ಇದನ್ನು ಪತ್ತೆಹಚ್ಚಲು ಎರಡು ರಾತ್ರಿ ಬೇಕಾಯಿತು.

ಕೊನೆಗೆ ಫಲಿಸಿದ್ದು ಹೀಗೆ. ಲೈಬ್ರರಿಗಿಂತ ಮೊದಲು ಒಂದು ಪುಟ್ಟ ಫೈಲು ಮೂಲ ಫಂಕ್ಷನ್ನನ್ನು ಎತ್ತಿಟ್ಟುಕೊಳ್ಳುತ್ತದೆ. ಆಮೇಲೆ ಅದೇ ಹೆಸರಿನಲ್ಲಿ ಮೂಲವನ್ನು ಸುತ್ತುವರಿದ ಒಂದು ರ್‍ಯಾಪರ್ ಕೂತು, ನಲ್ ಅಥವಾ ಪ್ರೊಟೊಟೈಪಿನ ಹ್ಯಾಶ್ (ಕೀ-ಮೌಲ್ಯ ಜೋಡಿಗಳ ವಸ್ತು) ಬಂದರೆ ಕರೆದವರ ಸ್ಟ್ಯಾಕನ್ನು (ಕರೆ ಬಂದ ಹಾದಿಯ ದಾಖಲೆ) ಲಾಗ್ ಮಾಡಿ ಡಾಲರ್-ಎಗೆ ಒಪ್ಪಿಸುತ್ತದೆ, ಉಳಿದದ್ದನ್ನು ಮೂಲಕ್ಕೆ ಬಿಡುತ್ತದೆ. ಮೂರು ವಾರದಲ್ಲಿ 110ರಷ್ಟು ಜಾಗಗಳು ಸಿಕ್ಕವು. ಅಲ್ಲೆಲ್ಲ ಹೆಸರನ್ನು ಡಾಲರ್-ಎ ಎಂದು ಬದಲಿಸಿದೆ. ಮಿನಿಫೈ ಆದ (ಕೋಡಿನ ಹೆಸರುಗಳು ಕುಗ್ಗಿಸಲ್ಪಟ್ಟ) ಸ್ಟ್ಯಾಕುಗಳಿಂದ ನಿಜವಾದ ಕರೆಗಾರನನ್ನು ಹೆಕ್ಕುವ ಉಪಾಯ ನನ್ನ ಹೊಟ್ಟೆಪಾಡಿನದ್ದು, ಅದನ್ನು ಇಲ್ಲಿ ಬಿಡಿಸುವುದಿಲ್ಲ.

ನಡುವೆ, ಹಳೆಯ ಕೋಡನ್ನೆಲ್ಲ ಐಫ್ರೇಮಿನೊಳಗೆ (ಪುಟದೊಳಗಿನ ಪುಟ) ಕೂಡಿಹಾಕಿ ಅದಕ್ಕೆ ಅದರದೇ ಅರೇ ಕೊಡುವ ಪ್ರಯೋಗವನ್ನೂ ಮಾಡಿದೆ. ಇನ್‌ಸ್ಟೆನ್ಸ್‌ಆಫ್ (ಇದು ಯಾವ ಬಗೆಯ ವಸ್ತು ಎಂಬ) ತಪಾಸಣೆಗಳು ಗಡಿ ದಾಟಿದೊಡನೆ ಸುಳ್ಳಾಗಿ, ನಾಲ್ಕೇ ದಿನದಲ್ಲಿ ಕೈಬಿಟ್ಟೆ. ಟುಜೇಸನ್ (ದತ್ತಾಂಶವನ್ನು ಜೇಸನ್ ಪಠ್ಯವಾಗಿಸುವ ಫಂಕ್ಷನ್) ತಕರಾರೂ ಇದ್ದಿತು: 1.6ರ ಅರೇಯ ಟುಜೇಸನ್‌ನಿಂದಾಗಿ ಬ್ರೌಸರಿನ ಅದೇ ಕೆಲಸದ ಸ್ಟ್ರಿಂಗಿಫೈ ಫಂಕ್ಷನ್ನಿಗೆ ಕೊಟ್ಟ ಅರೇ ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್ ಆಗಿ ಹೋಗುತ್ತಿತ್ತು. ಎಲ್ಲರೂ ಹೇಳುವಂತೆ ಅದನ್ನು ಡಿಲೀಟ್ ಮಾಡಿದರೆ ಲೈಬ್ರರಿಯ ಸ್ವಂತ ಆಬ್ಜೆಕ್ಟ್.ಟುಜೇಸನ್ ಅರೇಯನ್ನು 0, 1 ಎಂಬ ಕೀಗಳ ಆಬ್ಜೆಕ್ಟಾಗಿ ಕಳಿಸುತ್ತದೆ. ಆದ್ದರಿಂದ ಆಬ್ಜೆಕ್ಟ್.ಟುಜೇಸನ್ ಅನ್ನೂ ಸ್ಟ್ರಿಂಗಿಫೈ ಕಡೆಗೇ ತಿರುಗಿಸಿದೆ.

ರ್‍ಯಾಪರನ್ನು ಫೆಬ್ರವರಿಯಲ್ಲೇ ತೆಗೆಯುವಂತೆ ವ್ಯಾಪಾರಿಯವರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ, ಏಕೆಂದರೆ ವರ್ಷಾಂತ್ಯದ ಲೆಕ್ಕದ ಪುಟವನ್ನು ಅವರು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತಾರೆ. ಮಾರ್ಚ್ 31ರ ರಾತ್ರಿ ಲಾಗಿಗೆ ಇನ್ನೂ 7 ಜಾಗಗಳು ಬಿದ್ದವು.