ಟ್ರಾನ್ಸ್‌ಕಾರ್ಪಾಥಿಯಾ: ಗಡಿನಾಡಿನ ನಕ್ಷೆಯನ್ನು ಪದರ ಪದರವಾಗಿ ಬರೆಯುವ ಬಗೆ

ಮಡಿಕೇರಿಯ ಹೈಸ್ಕೂಲಿಗೋ ವಿರಾಜಪೇಟೆಯ ವಾಚನಾಲಯಕ್ಕೋ ಸ್ಲಾವ್ ಗಡಿನಾಡೊಂದರ ನಕ್ಷೆ ಮಾಡುವುದಾದರೆ ಟ್ರಾನ್ಸ್‌ಕಾರ್ಪಾಥಿಯಾವನ್ನು ಆರಿಸಿಕೊಳ್ಳಿ. ಉಕ್ರೇನಿನ ಪಶ್ಚಿಮದಂಚಿನ ಈ ಬೆಟ್ಟನಾಡು ಸುಮಾರು 12,800 ಚದರ ಕಿ.ಮೀ.; ಮೂರು ಕೊಡಗಿಗಿಂತ ತುಸು ದೊಡ್ಡದು.

ಎ4 ಅಳತೆಯ ಏಳು ಓಎಚ್‌ಪಿ ಶೀಟು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಪರ್ಮನೆಂಟ್ ಮಾರ್ಕರ್, ಕ್ಲಿಪ್ಪು ಸಾಕು. ಟ್ರೇಸಿಂಗ್ ಪೇಪರ್ ಬೇಡ. ಕಕ್ಕಡ ಮಾಸದ ಮಳೆಯ ತೇವಕ್ಕೆ ಅದು ಸುರುಟಿ, ಗೆರೆಯ ಮೇಲೆ ಗೆರೆ ಕೂರುವುದಿಲ್ಲ. 1 ಸೆಂ.ಮೀ.ಗೆ 10 ಕಿ.ಮೀ. ಇಟ್ಟು, ಹಾಳೆಯನ್ನು ಅಡ್ಡ ಹಿಡಿಯಿರಿ.

ತಳದ ಶೀಟಿನಲ್ಲಿ ತಿಸಾ, ಉಝ್ ನದಿಗಳು, ಉಝ್‌ಹೊರೋದ್, ಮುಕಾಚೆವೊ, ಬೆರೆಹೊವೆ, ಖುಸ್ತ್ ಮಾತ್ರ. ಮೇಲಿನ ಐದು ಶೀಟು ಆಳಿದವರಿಗೆ: ಮೊದಲ ಮಹಾಯುದ್ಧದವರೆಗೆ ಹಂಗೇರಿ, 1919ರಿಂದ ಚೆಕೊಸ್ಲೊವಾಕಿಯಾ, 1938ರ ನವೆಂಬರಿನಲ್ಲಿ ಜರ್ಮನಿ, ಇಟಲಿ ಕೊಟ್ಟ ವಿಯೆನ್ನಾ ತೀರ್ಪಿನಿಂದ ಹಂಗೇರಿಗೆ ಹೋದ ದಕ್ಷಿಣದ ಬಯಲು, 1939ರ ಮಾರ್ಚಿನಲ್ಲಿ ಉಳಿದದ್ದೂ ಹಂಗೇರಿಗೆ, 1945ರಿಂದ ಸೋವಿಯತ್. 1991ಕ್ಕೆ ಹೊಸ ಶೀಟು ಬೇಡ. ಗೆರೆ ಅದೇ, ಹೆಸರಷ್ಟೇ ಉಕ್ರೇನ್. 1939ರ ಮಾರ್ಚ್ 15ರಂದು ಖುಸ್ತ್‌ನಲ್ಲಿ ಸ್ವಾತಂತ್ರ್ಯ ಸಾರಿದ ಕಾರ್ಪಾಥೋ-ಉಕ್ರೇನ್ ಎಂಬ ದೇಶ ಕೆಲವೇ ದಿನದಲ್ಲಿ ಮುಗಿಯಿತು. ಅದಕ್ಕೊಂದು ಚುಕ್ಕಿ, ತಾರೀಕು ಹಾಕಿ.

ಎಡವುವುದು ಏಳನೆಯದಾದ ಜನರ ಶೀಟಿನಲ್ಲಿ. ಇಡೀ ಪ್ರದೇಶಕ್ಕೆ ಒಂದೇ ಬಣ್ಣ ಬಳಿಯಬೇಡಿ, ಚುಕ್ಕಿ ಇಡಿ: ಬೆರೆಹೊವೆ ಬಯಲಲ್ಲಿ ಹಂಗೇರಿಯನ್ನರು, ಬೆಟ್ಟದಲ್ಲಿ ರುಸಿನರು (ಉಕ್ರೇನಿಯನ್ನರಿಗೆ ಹತ್ತಿರದ ಸ್ಲಾವ್ ಜನ), ಪೂರ್ವದಂಚಿನಲ್ಲಿ ಹುತ್ಸುಲರು (ಇನ್ನೊಂದು ಸ್ಲಾವ್ ಬೆಟ್ಟದ ಪಂಗಡ), ಪಟ್ಟಣಗಳಲ್ಲಿ ಯಹೂದ್ಯರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ ಒಂದೇ ಸಂತೆಯಲ್ಲಿ ಕೇಳುವವರಿಗೆ ಕಾರಣ ಹೇಳಬೇಕಿಲ್ಲ. ಶೀಟಿನ ಮೂಲೆಯಲ್ಲಿ ವರ್ಷ ಇರಲೇಬೇಕು. 1930ರದಾದರೆ ಯಹೂದ್ಯರ ಚುಕ್ಕಿಗಳು ದಟ್ಟ. 1944ರ ಮೇ-ಜೂನಿನಲ್ಲಿ ಅವರನ್ನು ನಾಜಿಗಳ ಹತ್ಯಾ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಲಾಯಿತು.

ಸಂಖ್ಯೆ ಎತ್ತಿಕೊಳ್ಳುವ ಮುನ್ನ ಜನಗಣತಿಯವರು ಕೇಳಿದ್ದೇನೆಂದು ನೋಡಿ. 1910ರಲ್ಲಿ ಹಂಗೇರಿ ಕೇಳಿದ್ದು ತಾಯ್ನುಡಿ. ಯಹೂದ್ಯರ ನುಡಿಯಾದ ಯಿಡ್ಡಿಷ್‌ಗೆ ಬೇರೆ ಕಾಲಂ ಇರಲಿಲ್ಲ; ಹಾಗಾಗಿ ಹಲವು ಯಹೂದ್ಯರು ಹಂಗೇರಿಯನ್ನರ ಲೆಕ್ಕಕ್ಕೆ ಸೇರಿದರು. 1921ರಲ್ಲಿ ಚೆಕೊಸ್ಲೊವಾಕಿಯಾ ಯಹೂದ್ಯರನ್ನು ಪ್ರತ್ಯೇಕ ರಾಷ್ಟ್ರೀಯತೆಯಾಗಿ ಎಣಿಸಿತು. ಹಂಗೇರಿಯನ್ನರ ಸಂಖ್ಯೆ ಇಳಿದು ಕಾಣಲು ಇದೂ ಒಂದು ಕಾರಣ. ಇಳಿದವರೆಲ್ಲ ಊರು ಬಿಟ್ಟರೆಂದು ಬರೆದರೆ ತಪ್ಪು. ಸೋವಿಯತ್ ಲೆಕ್ಕದಲ್ಲಿ ರುಸಿನರೆಲ್ಲ ಉಕ್ರೇನಿಯನ್ನರೇ. 2001ರ ಗಣತಿಯಲ್ಲಿ ಹಂಗೇರಿಯನ್ನರು ಶೇ. 12ರಷ್ಟು.

ಊರಿನ ಹೆಸರನ್ನು ಆಯಾ ಶೀಟಿನ ಆಡಳಿತದ ಭಾಷೆಯಲ್ಲೇ ಬರೆಯಿರಿ: ಹಂಗೇರಿಯದರಲ್ಲಿ ಉಂಗ್ವಾರ್, ರಷ್ಯನ್ನಿನಲ್ಲಿ ಉಝ್‌ಗೊರೋದ್, ಉಕ್ರೇನಿಯನ್ನಿನಲ್ಲಿ ಉಝ್‌ಹೊರೋದ್. ಕೊನೆಗೆ 'ದ್' ಬರಲಿ. ಇಂಗ್ಲಿಷ್ ಕಾಗುಣಿತ ನೋಡಿ 'ಡ್' ಹಾಕಬೇಡಿ.